ಎಳೆಯುವ, ನಡುಗುವ, ಕುಟ್ಟುವ ಕಾರು

ಹಳೆಯ ಕಾರು ಕೊಳ್ಳಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಎಂಜಿನ್ ಸ್ಟಾರ್ಟ್ ಮಾಡಿಸುತ್ತಾರೆ, ಸೈಲೆನ್ಸರ್ ಹೊಗೆ ನೋಡುತ್ತಾರೆ, ಡಿಪ್‌ಸ್ಟಿಕ್ ಎಳೆದು ಆಯಿಲನ್ನು ಬೆರಳಿಗೆ ಹಚ್ಚಿಕೊಂಡು ಎಲ್ಲ ಬಲ್ಲವರಂತೆ ತಲೆಯಾಡಿಸುತ್ತಾರೆ. ಮಂಡಿಯೂರಿ ಚಕ್ರದ ಹಿಂಬದಿಗೆ ಇಣುಕುವವರು ಅಪರೂಪ. ಎಂಜಿನ್ ಕೈಕೊಟ್ಟರೆ ಗಾಡಿ ರಸ್ತೆ ಬದಿಯಲ್ಲಿ ನಿಲ್ಲುತ್ತದೆ, ಅಷ್ಟೆ. ಬಾಲ್ ಜಾಯಿಂಟ್ ಕಳಚಿಕೊಂಡರೆ ಗಾಡಿ ನಿಲ್ಲುವುದಿಲ್ಲ; ಚಕ್ರ ಮಾತ್ರ ತನಗೆ ತೋಚಿದ ಕಡೆ ತಿರುಗುತ್ತದೆ.

ನಮ್ಮ ದೇಶದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಹಾಗೆ ನವೀಕರಿಸಿಕೊಂಡು ಇವತ್ತಿಗೂ ಓಡುತ್ತಿರುವ ಗಾಡಿಗಳಲ್ಲಿ ಮಾರುತಿ 800 ಸಾಕಷ್ಟಿವೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರು 1986ರಲ್ಲಿ ಹೊಸ ಮೈ ಪಡೆದು, 2014ರ ಜನವರಿಯವರೆಗೂ ತಯಾರಾಗುತ್ತಿತ್ತು. ಈ ಅಧ್ಯಾಯಕ್ಕೆ ನಾನು ಆರಿಸಿಕೊಂಡ ರೋಗಿ 1986ರ ನಂತರದ 800. ಅದರ ಬಹುಪಾಲು ಗಾಡಿಗಳಿಗೆ ಪವರ್ ಸ್ಟಿಯರಿಂಗ್ ಇಲ್ಲ. ಹಾಗಾಗಿ ಚಕ್ರಕ್ಕೆ ಏನಾಗುತ್ತಿದೆ ಎಂಬುದು ನಡುವೆ ಎಲ್ಲೂ ಸೋಸಿಹೋಗದೆ ನೇರವಾಗಿ ಚಾಲಕನ ಅಂಗೈಗೆ ತಲುಪುತ್ತದೆ. ಭಾಗಗಳೂ ಕಡಿಮೆ. ಕಾಯಿಲೆ ಕಲಿಯಲು ಇದಕ್ಕಿಂತ ಒಳ್ಳೆಯ ದೇಹ ಸಿಗುವುದು ಕಷ್ಟ.

ಮೊದಲು ಅಂಗರಚನೆ. 800ರ ಮುಂದಿನ ಪ್ರತಿ ಚಕ್ರವನ್ನೂ ಒಂದು ಸ್ಟ್ರಟ್ ಹಿಡಿದಿದೆ. ಶಾಕ್ ಅಬ್ಸಾರ್ಬರಿನ ಸುತ್ತ ಕಾಯಿಲ್ ಸ್ಪ್ರಿಂಗ್ ತೊಡಿಸಿದ ಒಂದೇ ಕಂಬ ಅದು. ಮೇಲಿನ ತುದಿ ಬಾಡಿಗೆ ಸೇರುವಲ್ಲಿ ರಬ್ಬರ್ ಮೌಂಟ್ ಮತ್ತು ಬೇರಿಂಗ್; ಕೆಳತುದಿಯನ್ನು ಬಾಲ್ ಜಾಯಿಂಟ್ ಮೂಲಕ ಲೋಯರ್ ಆರ್ಮ್ ಹಿಡಿಯುತ್ತದೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಹೆಸರು ಅಂಟಿಕೊಂಡಿರುವ ಈ ವಿನ್ಯಾಸ 1950ರ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಿಂದ ಹೆಸರಾಯಿತು. ಜಾಗ ಕಡಿಮೆ, ಖರ್ಚು ಕಡಿಮೆ ಎಂಬ ಕಾರಣಕ್ಕೆ ಪ್ರಪಂಚದ ಬಹುತೇಕ ಸಣ್ಣ ಕಾರುಗಳು ಅದನ್ನೇ ಅಪ್ಪಿಕೊಂಡವು. 800ರಲ್ಲಿ ಇನ್ನೊಂದು ಜಿಪುಣ ಜಾಣತನವಿದೆ. ಲೋಯರ್ ಆರ್ಮ್ ಚಕ್ರವನ್ನು ಅಡ್ಡಡ್ಡ ಮಾತ್ರ ಹಿಡಿಯಬಲ್ಲದು, ಹಿಂದೆ ಮುಂದೆ ಹೋಗದಂತೆ ತಡೆಯಲಾರದು. ಆ ಕೆಲಸವನ್ನು ಸ್ಟೆಬಿಲೈಸರ್ ಬಾರ್‌ಗೆ ವಹಿಸಿದ್ದಾರೆ. ತಿರುವಿನಲ್ಲಿ ಗಾಡಿ ವಾಲದಂತೆ ನೋಡಿಕೊಳ್ಳುವ ಅದೇ ಸರಳಿನ ತುದಿಗಳು ಎರಡೂ ಲೋಯರ್ ಆರ್ಮ್‌ಗಳ ಒಳಗೆ ರಬ್ಬರ್ ಬುಷ್‌ಗಳ ನಡುವೆ ತೂರಿ ನಿಂತಿವೆ. ಒಂದು ಸರಳು, ಎರಡು ಕೆಲಸ. ಬುಷ್ ಸವೆದಾಗ ಎರಡೂ ಒಟ್ಟಿಗೇ ಕೆಡುತ್ತವೆ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸ್ಟಿಯರಿಂಗ್ ಕಡೆ ರ‍್ಯಾಕ್ ಇದೆ: ಹಲ್ಲು ಕೊರೆದ ಉದ್ದನೆಯ ಸರಳು. ಅದರ ಎರಡು ತುದಿಗೆ ರ‍್ಯಾಕ್ ಎಂಡ್, ಅಲ್ಲಿಂದ ಟೈ ರಾಡ್, ಅದರ ಕೊನೆಗೆ ಟೈ ರಾಡ್ ಎಂಡ್. ಇವುಗಳಲ್ಲಿ ಯಾವುದೂ ಒಂದೇ ಸಲಕ್ಕೆ ಹಾಳಾಗುವುದಿಲ್ಲ. ರಬ್ಬರ್ ಬೂಟ್ ಹರಿದು, ಗ್ರೀಸ್ ಇದ್ದ ಜಾಗಕ್ಕೆ ನೀರು ಮಣ್ಣು ನುಗ್ಗಿ, ಕೂದಲೆಳೆಯಷ್ಟು ಪ್ಲೇ, ಅಂದರೆ ಸಡಿಲ, ಹುಟ್ಟುತ್ತದೆ. ಆಮೇಲೆ ಪ್ರತಿ ಗುಂಡಿಯೂ ಅದನ್ನು ಕುಟ್ಟಿ ಕುಟ್ಟಿ ಹಿಗ್ಗಿಸುತ್ತದೆ. ಬದಲಾವಣೆ ಇಷ್ಟು ನಿಧಾನವಾಗಿರುವುದರಿಂದ ದಿನಾ ಓಡಿಸುವವರಿಗೆ ಅದು ಗೊತ್ತೇ ಆಗುವುದಿಲ್ಲ. ಎರಡು ವರ್ಷದ ನಂತರ ಊರಿಗೆ ಬಂದ ತಮ್ಮ ಅದೇ ಕಾರನ್ನು ಒಂದು ಸುತ್ತು ಓಡಿಸಿ ‘ಇದೇನಣ್ಣ, ಸ್ಟಿಯರಿಂಗ್ ಹೀಗೆ ತೇಲ್ತಾ ಇದೆ’ ಎಂದಾಗಲೇ ಅರಿವಾಗುವುದು.

ಈ ಕೂದಲೆಳೆಗೆ ಅಷ್ಟು ಬೆಲೆ ಯಾಕೆ ಎಂದು ತಿಳಿಯಲು ಕಾರನ್ನು ಬಿಟ್ಟು ಜಾತ್ರೆಗೆ ಹೋಗಬೇಕು. ತೇರಿನ ಅಚ್ಚುಗಳು ತಿರುಗುವುದಿಲ್ಲ, ಚಕ್ರಗಳು ನೇರಕ್ಕೆ ಮಾತ್ರ ಉರುಳುತ್ತವೆ. ಬೀದಿಯ ಮೂಲೆಯಲ್ಲಿ ಅದನ್ನು ತಿರುಗಿಸಲು ಚಕ್ರದಡಿ ಮರದ ಬೆಣೆ ಕೊಟ್ಟು, ನೂರಾರು ಜನ ಹಗ್ಗ ಎಳೆದು, ಚಕ್ರಗಳನ್ನು ನೆಲದ ಮೇಲೆ ಅಡ್ಡಡ್ಡ ಉಜ್ಜಿಸಿಕೊಂಡೇ ಒಯ್ಯಬೇಕು. ನಾಲ್ಕು ಚಕ್ರದ ಗಾಡಿ ಉಜ್ಜದೆ ತಿರುಗಬೇಕಾದರೆ ಒಂದು ಷರತ್ತಿದೆ. ತಿರುವಿನ ಕೇಂದ್ರ ಒಂದೇ ಇರಬೇಕು. ನಾಲ್ಕೂ ಚಕ್ರಗಳ ಅಚ್ಚುಗೆರೆಗಳು ಆ ಒಂದು ಬಿಂದುವಿನಲ್ಲಿ ಕೂಡಬೇಕು. ಒಳಬದಿಯ ಚಕ್ರ ಸಣ್ಣ ವೃತ್ತದಲ್ಲಿ, ಹೊರಬದಿಯದು ದೊಡ್ಡ ವೃತ್ತದಲ್ಲಿ ಸಾಗುವುದರಿಂದ ಒಳಗಿನದು ಹೆಚ್ಚು ಕೋನಕ್ಕೆ ತಿರುಗಬೇಕು. ಎರಡು ಚಕ್ರಗಳನ್ನು ಬೇರೆಬೇರೆ ಕೋನಕ್ಕೆ ತಿರುಗಿಸುವ ತೋಳುಗಳ ಜೋಡಣೆಯನ್ನು ಮ್ಯೂನಿಕ್‌ನ ಸಾರೋಟು ತಯಾರಕ ಗೆಯೋರ್ಗ್ ಲಾಂಕೆನ್‌ಸ್ಪೆರ್ಗರ್ ರೂಪಿಸಿದ. ಅವನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್, ಪುಸ್ತಕ ಮತ್ತು ಚಿತ್ರಗಳ ಪ್ರಕಾಶಕ. ಇಂದಿಗೂ ಎಲ್ಲರೂ ಅದನ್ನು ಕರೆಯುವುದು ಆಕರ್‌ಮನ್ ಜ್ಯಾಮಿತಿ ಎಂದೇ. ಪಾಪದ ಲಾಂಕೆನ್‌ಸ್ಪೆರ್ಗರ್ ಅಡಿಟಿಪ್ಪಣಿಗೆ ಸೇರಿಹೋದ.

ಕಾರು ನೇರ ಹೋಗುವಾಗಲೂ ಉಜ್ಜಾಟ ಇರಬಾರದು. ಎರಡು ಮುಂಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿರಬೇಕು. ಸಮಾನಾಂತರದಿಂದ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ತಿರುಗಿವೆ ಎಂಬ ಅಳತೆಗೆ ಟೋ ಎಂದು ಹೆಸರು. ಒಂದು ಸಣ್ಣ ಲೆಕ್ಕ ಹಾಕೋಣ. 800ರ 145/70 ಆರ್12 ಟೈರಿನ ವ್ಯಾಸ ಸುಮಾರು 508 ಮಿಲಿಮೀಟರ್. ಸವೆದ ಟೈ ರಾಡ್ ಎಂಡ್‌ನಿಂದಾಗಿ ಒಂದು ಚಕ್ರದ ಮುಂಬದಿ ಹಿಂಬದಿಗಿಂತ ಬರೀ 2 ಮಿಲಿಮೀಟರ್ ಒಳಕ್ಕೆ ಸರಿದಿದೆ ಎನ್ನಿ. 508ರಲ್ಲಿ 2 ಅಂದರೆ ಸಾವಿರದಲ್ಲಿ ಸುಮಾರು ನಾಲ್ಕು. ಆ ಟೈರು ಒಂದು ಕಿಲೋಮೀಟರ್ ಉರುಳುವುದರೊಳಗೆ ಸುಮಾರು 4 ಮೀಟರ್ ಅಡ್ಡಡ್ಡ ಉಜ್ಜಿಸಿಕೊಂಡಿರುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 145 ಕಿಲೋಮೀಟರ್. ಅಂದರೆ ಹತ್ತಿರ ಹತ್ತಿರ 580 ಮೀಟರ್ ಟಾರಿನ ಮೇಲೆ ಅಡ್ಡ ಎಳೆತ. ಹೊಸ ಟೈರು ಒಂದೇ ಬೇಸಿಗೆಯಲ್ಲಿ ಬೋಳಾಗುವುದರಲ್ಲಿ ಆಶ್ಚರ್ಯವೇನಿದೆ?

ಟೈರು ಹೀಗೆ ಸವೆಯುವಾಗ ಸಾಕ್ಷಿಯನ್ನೂ ಬಿಟ್ಟುಹೋಗುತ್ತದೆ. ನಿಂತ ಗಾಡಿಯ ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೊಮ್ಮೆ, ಒಳಗಿನಿಂದ ಹೊರಕ್ಕೊಮ್ಮೆ ಸವರಿ ನೋಡಿ (ತಂತಿ ಹೊರಬಂದಿದೆಯೇ ಎಂದು ಮೊದಲು ಕಣ್ಣಲ್ಲಿ ನೋಡಿ, ಕೈ ಕೊಯ್ದೀತು). ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಅದು ಟೋ ತಪ್ಪಿದ ಗುರುತು. ಒಂದೇ ಅಂಚು ಬೋಳಾಗಿದ್ದು ಕೈಗೆ ಏನೂ ಚುಚ್ಚದಿದ್ದರೆ ಸಂದೇಹ ಕ್ಯಾಂಬರ್ ಮೇಲೆ, ಅಂದರೆ ಚಕ್ರ ನೆಟ್ಟಗೆ ನಿಲ್ಲದೆ ವಾಲಿರುವುದರ ಮೇಲೆ. ಸುತ್ತಳತೆಯ ಉದ್ದಕ್ಕೂ ಅಲ್ಲಲ್ಲಿ ಬಟ್ಟಲಿನಂಥ ತಗ್ಗುಗಳಿದ್ದರೆ ಚಕ್ರ ರಸ್ತೆಯ ಮೇಲೆ ಕುಣಿಯುತ್ತಾ ಓಡಿದೆ ಎಂದರ್ಥ: ಶಾಕ್ ಅಬ್ಸಾರ್ಬರ್ ಸತ್ತಿದೆ, ಇಲ್ಲವೇ ಬ್ಯಾಲೆನ್ಸಿಂಗ್ ಇಲ್ಲ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಹೀಗಿರುವಾಗ ಟೈರು ಬದಲಿಸಿ ಹಳೆಯದನ್ನು ನೋಡದೆಯೇ ಅಂಗಡಿಯಲ್ಲಿ ಬಿಟ್ಟು ಬರುವುದು, ನನ್ನ ಪ್ರಕಾರ, ರಕ್ತಪರೀಕ್ಷೆಯ ವರದಿಯನ್ನು ಓದದೆ ಹರಿದು ಹಾಕುವುದಕ್ಕೆ ಸಮ.

ಇನ್ನು ನಡುಕಕ್ಕೆ ಬರೋಣ. ಹಳೆಯ 800ರ ಮಾಲೀಕರು ಹೆಚ್ಚಾಗಿ ಹೇಳುವ ದೂರು ಇದು: ಐವತ್ತರವರೆಗೂ ಚೆನ್ನಾಗಿದೆ, ಅರವತ್ತೈದು ಎಪ್ಪತ್ತಕ್ಕೆ ಸ್ಟಿಯರಿಂಗ್ ಗಡಗಡ ನಡುಗುತ್ತದೆ, ಎಂಬತ್ತೈದು ದಾಟಿದರೆ ಮತ್ತೆ ಸುಮ್ಮನಾಗುತ್ತದೆ. ‘ಹಾಗಾದರೆ ಸ್ಪೀಡಾಗೇ ಓಡಿಸ್ತೀನಿ ಬಿಡಿ’ ಎನ್ನುವ ಪುಣ್ಯಾತ್ಮರೂ ಇದ್ದಾರೆ. ವೇಗ ಹೆಚ್ಚಿದರೆ ನಡುಕವೂ ಹೆಚ್ಚಬೇಕಲ್ಲ, ನಡುವೆ ಬಂದು ಹೋಗುವುದು ಯಾಕೆ?

508 ಮಿಲಿಮೀಟರ್ ವ್ಯಾಸದ ಟೈರು ಒಂದು ಸುತ್ತಿಗೆ ಸುಮಾರು 1.6 ಮೀಟರ್ ಸಾಗುತ್ತದೆ. ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 19.4 ಮೀಟರ್ ಓಡುತ್ತದೆ, ಚಕ್ರ ಸೆಕೆಂಡಿಗೆ 12 ಸುತ್ತು ಸುತ್ತುತ್ತದೆ. ರಿಮ್ಮಿನ ಒಂದು ಕಡೆ 30 ಗ್ರಾಂ ಹೆಚ್ಚು ಭಾರ ಇದೆಯೆಂದುಕೊಳ್ಳಿ. ಬ್ಯಾಲೆನ್ಸಿಂಗ್‌ಗೆ ಅಂಟಿಸಿದ್ದ ಸೀಸದ ತುಂಡು ಉದುರಿದರೆ ಅಷ್ಟಾಗುತ್ತದೆ. ಕೇಂದ್ರದಿಂದ 15 ಸೆಂಟಿಮೀಟರ್ ದೂರದಲ್ಲಿ ಈ ವೇಗಕ್ಕೆ ಸುತ್ತುವ 30 ಗ್ರಾಂ, ಚಕ್ರವನ್ನು ಸುಮಾರು 2.7 ಕಿಲೋ ತೂಕದ ಬಲದಿಂದ ಹೊರಕ್ಕೆ ಜಗ್ಗುತ್ತದೆ. ಮೇಲಕ್ಕೆ, ಮುಂದಕ್ಕೆ, ಕೆಳಕ್ಕೆ, ಹಿಂದಕ್ಕೆ, ಹೀಗೆ ಸೆಕೆಂಡಿಗೆ 12 ಸಲ. ವೇಗ ಅರ್ಧವಾದರೆ ಈ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಊರೊಳಗೆ ಏನೂ ಗೊತ್ತಾಗುವುದಿಲ್ಲ.

ಆದರೆ ಬಲವೊಂದೇ ಕಥೆಯನ್ನು ಮುಗಿಸುವುದಿಲ್ಲ. ಚಕ್ರ, ಬ್ರೇಕು, ಸ್ಟ್ರಟ್‌ನ ಕೆಳಭಾಗ ಸೇರಿದ ಗುಂಪು ಒಂದು ಕಡೆ ಟೈರಿನ ಗಾಳಿಯ ಮೇಲೆ, ಇನ್ನೊಂದು ಕಡೆ ಸ್ಪ್ರಿಂಗಿನ ಕೆಳಗೆ ಸಿಕ್ಕಿಕೊಂಡಿರುತ್ತದೆ. ಅದಕ್ಕೆ ತನ್ನದೇ ಆದ ಸಹಜ ಕಂಪನವಿದೆ. ಸಾಮಾನ್ಯ ಕಾರುಗಳಲ್ಲಿ ಅದು ಸೆಕೆಂಡಿಗೆ ಹತ್ತು ಹನ್ನೆರಡರ ಆಸುಪಾಸು. ಚಕ್ರದ ಸುತ್ತುವಿಕೆ ಆ ಲಯಕ್ಕೆ ತಾಳ ಹಾಕಿದ ಕ್ಷಣದಲ್ಲಿ ಅನುರಣನ ಉಂಟಾಗಿ ಸಣ್ಣ ಬಲ ದೊಡ್ಡ ಕುಣಿತವಾಗುತ್ತದೆ. 800ರ ಸಣ್ಣ ಚಕ್ರಕ್ಕೆ ಆ ವೇಗ ಅರವತ್ತರಿಂದ ಎಪ್ಪತ್ತೈದರ ಒಳಗೆ ಬೀಳುತ್ತದೆ. ವೇಗ ಇನ್ನೂ ಏರಿದರೆ ತಾಳ ತಪ್ಪಿ ಕುಣಿತ ಇಳಿಯುತ್ತದೆ. ಕಾಯಿಲೆ ವಾಸಿಯಾಯಿತೆಂದಲ್ಲ, ಬೇರಿಂಗು, ಜಾಯಿಂಟುಗಳು ಆಗಲೂ ಆ ಏಟನ್ನು ತಿನ್ನುತ್ತಲೇ ಇರುತ್ತವೆ, ನಮ್ಮ ಕೈಗೆ ಮಾತ್ರ ಸುದ್ದಿ ತಲುಪುವುದಿಲ್ಲ.

ಇಲ್ಲಿ ಪತ್ತೇದಾರಿಕೆ ಶುರುವಾಗುತ್ತದೆ. ನಡುಕ ಎಲ್ಲಿ? ಸ್ಟಿಯರಿಂಗ್ ವೀಲಿನಲ್ಲಿದ್ದರೆ ಮುಂದಿನ ಚಕ್ರಗಳು, ಸೀಟಿನಲ್ಲಿದ್ದರೆ ಹೆಚ್ಚಾಗಿ ಹಿಂದಿನವು. ಯಾವಾಗ? ಬ್ರೇಕ್ ತುಳಿದಾಗ ಮಾತ್ರ ಬಂದರೆ ಡಿಸ್ಕ್ ಅಥವಾ ಡ್ರಮ್ ಸೊಟ್ಟಗಿರಬೇಕು. ಆಕ್ಸಿಲರೇಟರ್ ಬಿಟ್ಟು, ಕ್ಲಚ್ ಒತ್ತಿ, ಗಾಡಿಯನ್ನು ಸುಮ್ಮನೆ ಉರುಳಲು ಬಿಟ್ಟಾಗಲೂ ಇದ್ದರೆ ಎಂಜಿನ್ ನಿರಪರಾಧಿ. ಎಳೆತ ಕೊಟ್ಟಾಗ ಮಾತ್ರ ಬಂದರೆ ಡ್ರೈವ್ ಶಾಫ್ಟ್ ಕಡೆ ತಿರುಗಿ. ಒಂದೊಂದು ಪ್ರಶ್ನೆಯೂ ಶಂಕಿತರ ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಬೇಕು. ಹಾಗೆ ಕತ್ತರಿಸದ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ.

ಬ್ಯಾಲೆನ್ಸಿಂಗ್ ಮಾಡಿಸಿದ ಮೇಲೂ ನಡುಕ ಹೋಗದಿದ್ದರೆ ಜಾಯಿಂಟುಗಳ ಪ್ಲೇ ನೋಡಬೇಕು. ಗಟ್ಟಿ ಜಾಯಿಂಟು ನುಂಗಿಕೊಳ್ಳುವ ಹತ್ತು ಗ್ರಾಮಿನ ಅಸಮತೋಲವನ್ನು ಸಡಿಲ ಜಾಯಿಂಟು ನುಂಗಲಾರದು. ಚಕ್ರ ತನ್ನ ಸ್ಟಿಯರಿಂಗ್ ಅಕ್ಷದ ಸುತ್ತ ಎಡಬಲಕ್ಕೆ ತಾನೇ ಹೊಯ್ದಾಡತೊಡಗುತ್ತದೆ. 1920ರ ದಶಕದ ಕಾರುಗಳಲ್ಲಿ ಇದೊಂದು ಪಿಡುಗಾಗಿತ್ತು. ಆಗ ಮುಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲಿಗೆ ಬಿಗಿದಿದ್ದವು. ಒಂದು ಚಕ್ರ ಕಲ್ಲು ಹತ್ತಿದರೆ ಇಡೀ ಆಕ್ಸಲ್ ವಾಲುತ್ತಿತ್ತು. ಸುತ್ತುವ ಚಕ್ರ ವಾಲಿದರೆ ಬುಗುರಿಯ ನಿಯಮದಂತೆ ಅದು ಪಕ್ಕಕ್ಕೂ ತಿರುಗುತ್ತದೆ. ಪಕ್ಕಕ್ಕೆ ತಿರುಗಿದ್ದು ಮತ್ತೆ ವಾಲಿಸುತ್ತದೆ. ಹೀಗೆ ನಡುಕ ತನ್ನನ್ನು ತಾನೇ ಸಾಕಿಕೊಳ್ಳುತ್ತಿತ್ತು. ರೋಲ್ಸ್ ರಾಯ್ಸ್‌ನಿಂದ ಜನರಲ್ ಮೋಟರ್ಸ್‌ಗೆ ಹೋದ ಎಂಜಿನಿಯರ್ ಮಾರಿಸ್ ಓಲಿ 1930ರ ದಶಕದ ಆರಂಭದಲ್ಲಿ ಇದನ್ನೇ ಅಭ್ಯಾಸ ಮಾಡಿದ. ಸುಖ ಪ್ರಯಾಣಕ್ಕೆ ಮುಂದಿನ ಸ್ಪ್ರಿಂಗ್ ಮೆತ್ತಗಿರಬೇಕು, ಆದರೆ ಗಟ್ಟಿ ಆಕ್ಸಲಿಗೆ ಮೆತ್ತನೆ ಸ್ಪ್ರಿಂಗ್ ಹಾಕಿದರೆ ನಡುಕ ತಡೆಯಲಾಗದು. ಪರಿಹಾರವೆಂದರೆ ಎರಡು ಚಕ್ರಗಳ ನಂಟನ್ನೇ ಕತ್ತರಿಸುವುದು. 1934ರ ಮಾದರಿಗಳಲ್ಲಿ ಜನರಲ್ ಮೋಟರ್ಸ್ ಮುಂದಿನ ಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಷನ್ ತಂದಿತು. ನಾವು ಇವತ್ತು ಒಂದು ಚಕ್ರ ಗುಂಡಿಗೆ ಬಿದ್ದರೂ ಇನ್ನೊಂದು ನೆಟ್ಟಗಿರುವ ಕಾರುಗಳಲ್ಲಿ ಕೂತಿರುವುದಕ್ಕೆ ಆ ಕಾಲದ ನಡುಕವೂ ಒಂದು ಕಾರಣ.

ಎಳೆತದ ವಿಷಯ ಇದಕ್ಕಿಂತ ನವಿರು. ಗ್ಯಾರೇಜಿನಲ್ಲಿ ಮಾತುಕತೆ ಹೀಗೆ ಶುರುವಾಗುತ್ತದೆ.

‘ಮೇಸ್ತ್ರಿ, ಗಾಡಿ ಯಾಕೋ ಎಡಕ್ಕೆ ಎಳೀತಾ ಇದೆ.’

‘ಯಾವಾಗ್ಲೂ ಎಳೆಯುತ್ತಾ ಸಾರ್, ಬ್ರೇಕ್ ಹೊಡೆದಾಗ ಮಾತ್ರಾನಾ?’

ಈ ಮರುಪ್ರಶ್ನೆ ಕೇಳುವ ಮೇಸ್ತ್ರಿ ಸಿಕ್ಕರೆ ಬಿಡಬೇಡಿ. ‘ಅಲೈನ್‌ಮೆಂಟ್ ಮಾಡಿಸಿಬಿಡಿ ಸಾರ್’ ಎಂದು ತಲೆ ಎತ್ತದೆ ಹೇಳುವವನ ಹತ್ತಿರ ಇನ್ನೊಮ್ಮೆ ಹೋಗಬೇಡಿ.

ಮಳೆನೀರು ಇಳಿದು ಹೋಗಲೆಂದು ರಸ್ತೆಯ ನಡುಭಾಗವನ್ನು ಉಬ್ಬಿಸಿರುತ್ತಾರೆ. ನಾವು ಎಡಬದಿಯಲ್ಲಿ ಓಡಿಸುವವರು. ಹಾಗಾಗಿ ಎಂಥ ಒಳ್ಳೆಯ ಕಾರೂ ಕೈಬಿಟ್ಟರೆ ನಿಧಾನವಾಗಿ ಎಡಕ್ಕೆ ಇಳಿಯುತ್ತದೆ. ಅದು ಕಾಯಿಲೆಯಲ್ಲ. ಸಮತಟ್ಟಾದ ಖಾಲಿ ಜಾಗದಲ್ಲೂ ಎಳೆದರೆ ಮೊದಲು ಗಾಳಿ ಅಳೆಯಿರಿ. ಆಮೇಲೆ ಮುಂದಿನ ಎರಡು ಚಕ್ರಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬದಲಿಸಿ ಓಡಿಸಿ (ತಿರುಗುವ ದಿಕ್ಕಿನ ಬಾಣ ಇರುವ ಟೈರಿಗೆ ಇದು ನಡೆಯದು). ಎಳೆತ ಈಗ ಬಲಕ್ಕೆ ತಿರುಗಿದರೆ ತಪ್ಪು ಟೈರಿನದು. ರೇಡಿಯಲ್ ಟೈರಿನೊಳಗಿನ ಪಟ್ಟಿ ತುಸು ಓರೆಯಾಗಿ ಕೂತಿದ್ದರೆ ಟೈರು ಶಂಕುವಿನಾಕಾರದ ಲೋಟ ಉರುಳಿದ ಹಾಗೆ ಒಂದು ಕಡೆಗೆ ಹೊರಳುತ್ತದೆ. ಯಾವ ಅಲೈನ್‌ಮೆಂಟ್ ಯಂತ್ರಕ್ಕೂ ಅದು ಕಾಣುವುದಿಲ್ಲ. ಜಾಕು, ಪಾನಾ, ಅರ್ಧ ಗಂಟೆ ಸಾಕಾಗುವ ಈ ಪರೀಕ್ಷೆಯನ್ನು ಬಿಟ್ಟು ಸಾವಿರಾರು ರೂಪಾಯಿಯ ಬಿಡಿಭಾಗ ಬದಲಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬ್ರೇಕ್ ಹೊಡೆದಾಗ ಮಾತ್ರ ಎಳೆದರೆ ಎಲ್ಲರೂ ಬ್ರೇಕನ್ನೇ ಬಿಚ್ಚುತ್ತಾರೆ. ಒಂದು ಕಡೆಯ ಬ್ರೇಕ್ ಕಚ್ಚದಿರುವುದು ನಿಜಕ್ಕೂ ಸಾಮಾನ್ಯ ಕಾರಣ. ಆದರೆ 800ರಲ್ಲಿ ಇನ್ನೊಬ್ಬ ಆರೋಪಿ ಇದ್ದಾನೆ: ಎರಡು ಕೆಲಸ ಮಾಡುವ ಆ ಸ್ಟೆಬಿಲೈಸರ್ ಬಾರ್‌ನ ಬುಷ್. ಬ್ರೇಕ್ ಬಿದ್ದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ. ಎಡಗಡೆಯ ಬುಷ್ ತಿಂದುಹೋಗಿದ್ದರೆ ಎಡಚಕ್ರದ ಕೆಳಭಾಗ ಹಿಂದೆ ಸರಿಯುತ್ತದೆ. ಆಗ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಕ್ಯಾಸ್ಟರ್ ಎಂದರೇನೆಂದು ಸೈಕಲ್ಲಿನ ಮುಂದಿನ ಫೋರ್ಕ್ ನೋಡಿದರೆ ತಿಳಿಯುತ್ತದೆ. ಫೋರ್ಕ್ ಹಿಂದಕ್ಕೆ ಓರೆಯಾಗಿದೆ; ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬಂದು ತಾಗುತ್ತದೆ. ನೆಲದ ಹಿಡಿತ ಅಕ್ಷದ ಹಿಂದೆ ಇರುವುದರಿಂದ ಚಕ್ರ ಅಕ್ಷವನ್ನು ಹಿಂಬಾಲಿಸುತ್ತದೆ, ತಾನಾಗಿ ನೇರವಾಗುತ್ತದೆ. ಕಾರಿನಲ್ಲೂ ಹಾಗೇ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನೇ ಮರಳುವುದಕ್ಕೆ ಈ ಓರೆಯೇ ಮುಖ್ಯ ಕಾರಣ. ಎರಡು ಬದಿಯ ಕ್ಯಾಸ್ಟರ್ ಬೇರೆಬೇರೆಯಾದರೆ ಗಾಡಿ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ಎಡಬುಷ್ ಸವೆದ ಗಾಡಿ ಬ್ರೇಕ್ ಹೊಡೆದಾಗ ಎಡಕ್ಕೆ ಹೋಗುವುದು ಅದಕ್ಕೇ. ಬ್ರೇಕಿಗೂ ಬುಷ್‌ಗೂ ವ್ಯತ್ಯಾಸ ಹೇಗೆ ಕಂಡುಹಿಡಿಯುವುದು? 800 ಮುಂಚಕ್ರಗಳಿಂದ ಎಳೆಯುವ ಗಾಡಿ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಜೋರಾಗಿ ತುಳಿದರೆ ಈಗ ಚಕ್ರ ಮುಂದಕ್ಕೆ ಎಳೆಯಲ್ಪಟ್ಟು ಅದೇ ಬುಷ್ ಇನ್ನೊಂದು ದಿಕ್ಕಿಗೆ ಅಮುಕುತ್ತದೆ. ಬ್ರೇಕಿಗೆ ಎಡಕ್ಕೆ, ಆಕ್ಸಿಲರೇಟರಿಗೆ ಬಲಕ್ಕೆ ಮೂತಿ ತಿರುಗಿಸುವ ಗಾಡಿಯ ಬ್ರೇಕನ್ನು ಬಿಚ್ಚುವ ಅಗತ್ಯವಿಲ್ಲ. ಲಿವರ್ ಹಾಕಿ ಬುಷ್ ಮೀಟಿ ನೋಡಿ.

ಕುಟ್ಟುವ ಸದ್ದು ಪತ್ತೆಮಾಡುವುದು ಎಲ್ಲಕ್ಕಿಂತ ಕಷ್ಟ. ಶಬ್ದ ಕಬ್ಬಿಣದೊಳಗೆ ಗಾಳಿಯಲ್ಲಿಗಿಂತ ಹದಿನೈದು ಪಟ್ಟು ವೇಗವಾಗಿ ಓಡಿ, ಬಾಡಿಯ ತಗಡಿನ ಯಾವುದೋ ಮೂಲೆಯಲ್ಲಿ ಹೊರಬೀಳುತ್ತದೆ. ಎಡಚಕ್ರದ ತಪ್ಪು ಬಲಗಾಲಿನ ಕೆಳಗೆ ಕೇಳಿಸಿದರೆ ಅಚ್ಚರಿಯಿಲ್ಲ. ಅದಕ್ಕೇ ಕಿವಿಗಿಂತ ಬೆರಳನ್ನು ನಂಬಬೇಕು. ಒಬ್ಬರು ಒಳಗೆ ಕೂತು, ಎಂಜಿನ್ ಆಫ್ ಇಟ್ಟು, ಚಕ್ರ ನೆಲದ ಮೇಲಿರುವಾಗಲೇ ಸ್ಟಿಯರಿಂಗನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪ ಅಲ್ಲಾಡಿಸುತ್ತಿರಲಿ. ಇನ್ನೊಬ್ಬರು ಒಂದೊಂದೇ ಜಾಯಿಂಟಿನ ಎರಡು ಬದಿಗೂ ತಾಗುವಂತೆ ಬೆರಳಿಟ್ಟು ನೋಡಲಿ: ಟೈ ರಾಡ್ ಎಂಡ್, ರ‍್ಯಾಕ್ ಎಂಡ್, ಸ್ಟಿಯರಿಂಗ್ ಶಾಫ್ಟಿನ ಜಾಯಿಂಟ್. ಎರಡು ಭಾಗ ಒಟ್ಟಿಗೆ ಚಲಿಸದೆ ಒಂದು ಹೊರಟ ಮೇಲೆ ಇನ್ನೊಂದು ‘ಟಿಕ್’ ಎಂದು ಹಿಂಬಾಲಿಸಿದರೆ ಅದೇ ಕಳ್ಳ. ಇದೇ ಹೊತ್ತಿನಲ್ಲಿ ಮುಂದಿನ ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟು ನೋಡಿ. ಸ್ಟಿಯರಿಂಗ್ ಪೂರ್ತಿ ತಿರುಗಿಸುವಾಗ ಸ್ಪ್ರಿಂಗ್ ನಯವಾಗಿ ಸುತ್ತದೆ, ಬಿಗಿಹಿಡಿದು ಥಟ್ಟನೆ ಜಿಗಿದರೆ ಮೇಲಿನ ಮೌಂಟಿನ ಬೇರಿಂಗ್ ಜಾಮ್ ಆಗಿದೆ. ಇಂಥ ಗಾಡಿಯ ಸ್ಟಿಯರಿಂಗ್ ತಿರುವಿನ ನಂತರ ತಾನಾಗಿ ಮರಳದೆ ನಿಂತಲ್ಲೇ ನಿಲ್ಲುತ್ತದೆ.

ಆಮೇಲೆ ಜಾಕ್. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಅಡಿ ತಲೆ ಹಾಕಬಾರದು. ಗಟ್ಟಿ ಸ್ಟ್ಯಾಂಡ್ ಕೊಟ್ಟೇ ಕೊಡಬೇಕು. ಚಕ್ರ ತೇಲುವಂತೆ ಎತ್ತಿ, ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲುಗಿಸಿ. ಪ್ಲೇ ಕಂಡರೆ ಒಳಗಿದ್ದವರಿಗೆ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ. ಬ್ರೇಕು ಹಬ್ಬನ್ನು ಸ್ಟ್ರಟ್‌ಗೆ ಕಟ್ಟಿಹಾಕುವುದರಿಂದ, ಆಗ ಪ್ಲೇ ಮಾಯವಾದರೆ ತಪ್ಪು ವೀಲ್ ಬೇರಿಂಗಿನದು. ಆಗಲೂ ಉಳಿದರೆ ಬಾಲ್ ಜಾಯಿಂಟ್ ಅಥವಾ ಅದರಾಚೆಯದು. ಮೂರು ಮತ್ತು ಒಂಬತ್ತರ ಜಾಗದಲ್ಲಿ ಮಾತ್ರ ಅಲುಗಿದರೆ ಟೈ ರಾಡ್ ಎಂಡ್ ಇಲ್ಲವೇ ರ‍್ಯಾಕ್. ಒಂದು ಪೆಡಲ್, ಎರಡು ಕೈ. ಇಷ್ಟು ಸರಳವಾದ, ಇಷ್ಟು ಖಚಿತವಾದ ಪರೀಕ್ಷೆ ವೈದ್ಯರಿಗೂ ಅಪರೂಪ.

ಅಂಬಾಸಡರ್ ಇರುವವರು ಇಲ್ಲಿ ಸ್ವಲ್ಪ ಎಚ್ಚರವಹಿಸಬೇಕು. ಅದರ ಮುಂದಿನ ಸ್ಪ್ರಿಂಗು ಉದ್ದಕ್ಕೆ ಮಲಗಿಸಿದ ಟಾರ್ಷನ್ ಬಾರ್. ಕೆಳಗಿನ ಆರ್ಮ್ ಮೇಲೇಳುವಾಗ ಆ ಸರಳು ತಿರುಚಿಕೊಂಡು ಗಾಡಿಯ ಭಾರ ಹೊರುತ್ತದೆ. ಚಾಸಿಗೆ ಜಾಕ್ ಕೊಟ್ಟು ಚಕ್ರ ತೇಲಿಸಿದರೆ ಸ್ಪ್ರಿಂಗಿನ ಬಲ ಆರ್ಮನ್ನು ಕೆಳಕ್ಕೆ ಒತ್ತಿ ಜಾಯಿಂಟನ್ನು ಬಿಗಿಯಾಗಿ ಹಿಡಿದಿರುತ್ತದೆ, ಇರುವ ಪ್ಲೇ ಕೈಗೆ ಸಿಗುವುದಿಲ್ಲ. ಜಾಕನ್ನು ಕೆಳಗಿನ ಆರ್ಮಿಗೇ ಕೊಟ್ಟು ಎತ್ತಬೇಕು. 800ರಲ್ಲಿ ಸ್ಪ್ರಿಂಗಿನ ಭಾರ ನೇರ ಸ್ಟ್ರಟ್ ಮೂಲಕ ಹೋಗುವುದರಿಂದ ಈ ರಗಳೆ ಇಲ್ಲ.

ಶಾಕ್ ಅಬ್ಸಾರ್ಬರ್ ಪರೀಕ್ಷೆಯೆಂದರೆ ನಮ್ಮವರು ಮಾಡುವುದು ಬಾನೆಟ್ಟಿನ ಮೂಲೆಯನ್ನು ಒತ್ತಿ ಬಿಡುವುದು. ಗಾಡಿ ಒಮ್ಮೆ ಎದ್ದು ಕೂತರೆ ಸರಿ, ಮೂರು ನಾಲ್ಕು ಸಲ ತೊಟ್ಟಿಲಾಡಿದರೆ ಹೋಗಿದೆ. ಈ ಪರೀಕ್ಷೆಯಲ್ಲಿ ಅರ್ಧ ಸತ್ಯವಿದೆ. ಸ್ಪ್ರಿಂಗಿನ ಮೇಲಿನ ಬಾಡಿ ಸೆಕೆಂಡಿಗೆ ಒಂದು ಒಂದೂವರೆ ಸಲ ಮಾತ್ರ ತೂಗುತ್ತದೆ, ನಮ್ಮ ಕೈ ಅದನ್ನು ಎಬ್ಬಿಸಬಲ್ಲದು. ಸೆಕೆಂಡಿಗೆ ಹನ್ನೆರಡು ಸಲ ಕುಣಿಯುವ ಚಕ್ರವನ್ನು ಕೈಯಿಂದ ಎಬ್ಬಿಸಲಾಗದು. ಶಾಕ್‌ನೊಳಗಿನ ವಾಲ್ವುಗಳು ನಿಧಾನ ಚಲನೆಗೆ ಒಂದು ರೀತಿ, ಗುಂಡಿಯ ಏಟಿಗೆ ಇನ್ನೊಂದು ರೀತಿ ಕೆಲಸ ಮಾಡುತ್ತವೆ. ಮೇಲಾಗಿ ತುಕ್ಕು ಹಿಡಿದ, ಬಿಗಿದುಹೋದ ಬುಷ್‌ಗಳೂ ತೂಗಾಟವನ್ನು ತಡೆಯುತ್ತವೆ. ಹೀಗಾಗಿ ಈ ಪರೀಕ್ಷೆಯಲ್ಲಿ ನಪಾಸಾದ ಶಾಕ್ ಖಂಡಿತ ಹೋಗಿದೆ. ಪಾಸಾದದ್ದು ಚೆನ್ನಾಗಿದೆ ಎಂದು ಹೇಳಲಾಗದು. ಆಯಿಲ್ ಸೋರಿ ಧೂಳು ಮೆತ್ತಿಕೊಂಡ ಮೈ, ಟೈರಿನ ಮೇಲಿನ ಬಟ್ಟಲು ತಗ್ಗುಗಳು, ಕಂಕರ್ ರಸ್ತೆಯ ತಿರುವಿನಲ್ಲಿ ಗಾಡಿ ಪಕ್ಕಕ್ಕೆ ಜಾರುವುದು, ಇವು ಹೆಚ್ಚು ನಂಬಿಕಸ್ಥ ಸಾಕ್ಷಿಗಳು.

ರ‍್ಯಾಕ್ ಬಗ್ಗೆ ಒಂದು ಮಾತು. ನಾವು ಓಡಿಸುವ ಹೆಚ್ಚಿನ ಹೊತ್ತು ಸ್ಟಿಯರಿಂಗ್ ನಡುವಿನಲ್ಲೇ ಇರುತ್ತದೆ. ಹಲ್ಲು ಸವೆಯುವುದೂ ನಡುವಿನಲ್ಲೇ. ನಡುವೆ ಪ್ಲೇ ಬಂದಿದೆಯೆಂದು ಅಡ್ಜಸ್ಟರ್ ಬಿಗಿ ಮಾಡಿದರೆ, ಸವೆಯದ ತುದಿಭಾಗದಲ್ಲಿ ರ‍್ಯಾಕ್ ಕಚ್ಚಿಕೊಳ್ಳುತ್ತದೆ. ಬಿಗಿ ಮಾಡಿದ ಮೇಲೆ ಎರಡೂ ಕಡೆಯ ಕೊನೆಯವರೆಗೆ ತಿರುಗಿಸಿ ನೋಡದೆ ಗಾಡಿಯನ್ನು ಹೊರಗೆ ಬಿಡುವುದು ಅಪಾಯ. ತುದಿಯಲ್ಲಿ ಬಿಗಿಯಾದರೆ ರ‍್ಯಾಕ್ ಬದಲಿಸುವುದೊಂದೇ ದಾರಿ.

ಅಲೈನ್‌ಮೆಂಟ್ ಯಂತ್ರದ ಸರದಿ ಬರಬೇಕಾದದ್ದು ಇಷ್ಟೆಲ್ಲ ಆದ ಮೇಲೆ. ಜಾಯಿಂಟು ಸಡಿಲವಿದ್ದಾಗ ಮಾಡಿಸಿದ ಅಲೈನ್‌ಮೆಂಟ್ ನೀರಿನ ಮೇಲೆ ಬರೆದ ಬರಹ. ಯಂತ್ರದಿಂದ ಇಳಿಯುವಷ್ಟರಲ್ಲೇ ಅಳಿಸಿರುತ್ತದೆ. ಆದರೆ ಯಂತ್ರ ಕೊಡುವ ಹಾಳೆಯನ್ನು ಜೇಬಿಗೆ ಹಾಕಿಕೊಳ್ಳುವ ಮೊದಲು ಓದಿ. 800ರಲ್ಲಿ ಹೊಂದಿಸಲು ಬರುವುದು ಟೋ ಒಂದೇ. ಕ್ಯಾಂಬರ್, ಕ್ಯಾಸ್ಟರ್ ಕಂಪನಿ ಕೂರಿಸಿದಂತೆ. ಅವುಗಳ ಅಂಕಿ ತಪ್ಪಿದ್ದರೆ ಯಾರೂ ತಿರುಪು ತಿರುಗಿಸಿ ಸರಿಮಾಡಲಾಗದು, ಏನೋ ಬಗ್ಗಿದೆ ಅಥವಾ ಸವೆದಿದೆ. ಸ್ಟಿಯರಿಂಗ್ ಅಕ್ಷದ ಒಳವಾಲಿಕೆಯ ಅಂಕಿಯೂ ಹಾಳೆಯಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಕ್ಯಾಂಬರ್ ತಪ್ಪಿದ್ದು ಒಳವಾಲಿಕೆ ಸರಿಯಿದ್ದರೆ ಸ್ಟ್ರಟ್‌ನ ಕೆಳಭಾಗವೋ ಚಕ್ರ ಹೊರುವ ನಕಲ್ಲೋ ಬಗ್ಗಿರಬೇಕು. ಎರಡೂ ಜೊತೆಗೆ, ಒಂದು ಹೆಚ್ಚಿದಷ್ಟೇ ಇನ್ನೊಂದು ಇಳಿದು ತಪ್ಪಿದ್ದರೆ ಸ್ಟ್ರಟ್ ನೆಟ್ಟಗೇ ಇದೆ. ಅದರ ತಲೆ ಅಥವಾ ಬುಡ ಜಾಗ ಬಿಟ್ಟು ಸರಿದಿದೆ. ಹಳೆಯ ಗಾಡಿಯಲ್ಲಿ ಇದರರ್ಥ ಲೋಯರ್ ಆರ್ಮ್ ಬಗ್ಗಿರುವುದು, ಇಲ್ಲವೇ ಸ್ಟ್ರಟ್‌ನ ತಲೆ ಕೂರುವ ತಗಡು ತುಕ್ಕಿನಿಂದ ಬಾಯಿ ಬಿಟ್ಟಿರುವುದು. ಬಾನೆಟ್ ಎತ್ತಿ, ಎರಡು ಮೌಂಟುಗಳ ಸುತ್ತಲ ಪೇಂಟ್ ಬಿರಿದಿದೆಯೇ ನೋಡಿ. ಬಿರಿದಿದ್ದರೆ ಬಿಡಿಭಾಗದ ಅಂಗಡಿಗೆ ಹೋಗುವ ಮೊದಲು ಒಳ್ಳೆಯ ಟಿಂಕರಿಂಗ್ ಕೆಲಸಗಾರನನ್ನು ಹುಡುಕಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಈ ಗಾಡಿಯ ಬುಷ್, ಬಾಲ್ ಜಾಯಿಂಟ್‌ಗಳು ಇವತ್ತಿಗೂ ಸಿಗುತ್ತವೆ. ಅಗ್ಗದ ರಬ್ಬರ್ ಎರಡು ಮಳೆಗಾಲ ತಡೆದರೆ ಹೆಚ್ಚು. ಬುಷ್ ವಿಷಯದಲ್ಲಿ ಚೌಕಾಸಿ ಬೇಡ. ಹಾಕಿ ಮುಗಿಸುವ ಕ್ರಮದಲ್ಲೂ ಒಂದು ಗುಟ್ಟಿದೆ. ಲೋಯರ್ ಆರ್ಮಿನ ರಬ್ಬರ್ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಒಳಗಿನ ಕೊಳವೆ ಬೋಲ್ಟಿಗೆ ಕಚ್ಚಿರುತ್ತದೆ, ಹೊರಗಿನದು ಆರ್ಮಿಗೆ. ಆರ್ಮ್ ಏರಿಳಿದಾಗ ನಡುವಿನ ರಬ್ಬರ್ ಅಷ್ಟೂ ತಿರುಚಿಕೊಂಡು ಮರಳಬೇಕು. ಗಾಡಿ ಜಾಕ್ ಮೇಲಿದ್ದು ಆರ್ಮ್ ಕೆಳಕ್ಕೆ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಚಕ್ರ ನೆಲ ಮುಟ್ಟಿದ ಕ್ಷಣದಿಂದಲೇ ಹೊಸ ರಬ್ಬರ್ ತಿರುಚಿದ ಸ್ಥಿತಿಯಲ್ಲಿ ಬದುಕು ಶುರುಮಾಡುತ್ತದೆ. ಮೇಲೊಂದು ಹಂಪ್ ಬಂದರೆ ಇನ್ನೂ ಅದೇ ದಿಕ್ಕಿಗೆ ತಿರುಚಿ ಬೇಗ ಹರಿಯುತ್ತದೆ. ಹಾಗಾಗಿ ಬೋಲ್ಟನ್ನು ಮೊದಲು ಕೈಬಿಗಿಗೆ ಬಿಡಬೇಕು. ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕಾರು ಸಲ ಒತ್ತಿ ಕೂರಿಸಿ, ಅದರ ಸಹಜ ಎತ್ತರಕ್ಕೆ ಬಂದ ಮೇಲೆ ಪೂರ್ತಿ ಬಿಗಿಯಬೇಕು. ಟೋ ಹೊಂದಿಸುವುದು ಅದಾದ ಮೇಲೆ. ಆಗಲೂ ಎರಡೂ ಟೈ ರಾಡ್‌ಗಳನ್ನು ಸಮನಾಗಿ ತಿರುಗಿಸಲು ಹೇಳಿ. ಒಂದನ್ನೇ ತಿರುಗಿಸಿದರೆ ಟೋ ಸರಿಯಾಗುತ್ತದೆ, ಆದರೆ ನೇರ ರಸ್ತೆಯಲ್ಲಿ ಸ್ಟಿಯರಿಂಗ್ ವೀಲ್ ಓರೆಯಾಗಿ ನಿಲ್ಲುತ್ತದೆ. ಕೊನೆಗೆ, ಮೊದಲು ತೊಂದರೆ ಕಂಡ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಟೈರಿನ ಗಾಳಿ ಅಷ್ಟೇ ಇಟ್ಟು ಮತ್ತೊಮ್ಮೆ ಓಡಿಸಿ ನೋಡಬೇಕು.